ಯಂತ್ರಕ್ಕೆ ನಡಿಗೆ ಕಲಿಸಿದ ಭೀಮಬಾಯಿ

ದೊಡ್ಡನೆಕ್ಕುಂದಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅರ್ಧ ಎದ್ದ ಕಟ್ಟಡದ ಬುಡದಲ್ಲಿ ಕಾಂಕ್ರೀಟ್ ಮಿಕ್ಸರ್ ಗರಗರ ತಿರುಗುತ್ತಿದೆ. ಭೀಮಬಾಯಿ ತಲೆಗೆ ಸಿಂಬೆ ಇಟ್ಟು, ತುಂಬಿದ ಬಾಂಡ್ಲಿ ಹೊತ್ತು, ಓರೆಯಾಗಿ ಹಾಕಿದ ಹಲಗೆಯ ಮೇಲೆ ಹತ್ತುತ್ತಿದ್ದಾರೆ. ಹಲಗೆ ಬಾಗುತ್ತದೆ, ಸೊಂಟ ಹೊರಳುತ್ತದೆ, ತಲೆ ಮಾತ್ರ ಕದಲುವುದಿಲ್ಲ. ಕಣ್ಣು ಕಾಲಿನ ಮೇಲಿಲ್ಲ, ಮುಂದಿನ ಹೆಜ್ಜೆ ಬೀಳಬೇಕಾದ ಜಾಗದಲ್ಲಿದೆ. ಎಡ ಮಣಿಕಟ್ಟು ಸೊಟ್ಟಗಾಗಿರುವುದರಿಂದ ಬಾಂಡ್ಲಿಗೆ ಬಲಗೈ ಒಂದೇ ಆಸರೆ.

ಆ ಮಣಿಕಟ್ಟು ಮುರಿದದ್ದು ಇಂಥ ಹಲಗೆಯಿಂದ ಬಿದ್ದಲ್ಲ. ಮುರಿದದ್ದು ಎ.ಸಿ. ಕೋಣೆಯೊಳಗೆ, ಓದಿದವರ ನಡುವೆ, ಎರಡು ಕಾಲಿನ ರೋಬೋಟ್‌ಗೆ ನಡೆಯುವುದನ್ನು ಕಲಿಸಲು ಹೋದಾಗ.

ಭೀಮಬಾಯಿ ಸುರಪುರದ ಕಡೆಯವರು. ತೊಂಬತ್ತೆಂಟರಲ್ಲಿ ಗಂಡ ಅಮೃತಪ್ಪನ ಜೊತೆ ಬಂದು ಕೆ.ಆರ್. ಪುರದ ಬಾಡಿಗೆ ಕೋಣೆಯೊಂದರಲ್ಲಿ ನೆಲೆಯಾದರು. "ಇಂದಿರಾನಗರದಾಗ ನಾ ಮಣ್ಣು ಹೊರದ ಬೀದಿನೇ ಇಲ್ರಿ" ಎಂದು ನಗುತ್ತಾರೆ. ಎರಡು ವರ್ಷದ ಹಿಂದೆ, 2005ರಲ್ಲಿ, ಅವರು ದುಡಿಯುತ್ತಿದ್ದ ಕಟ್ಟಡದ ಪಕ್ಕದಲ್ಲೇ ರೋಬೋಟ್ ಮಾಡುವ ಕಂಪನಿಯೊಂದಿತ್ತು. ಅಲ್ಲಿನ ಎಂಜಿನಿಯರುಗಳು ಕಿಟಕಿಯಿಂದ ಇವರ ನಡಿಗೆ ನೋಡಿ ಬೆರಗಾಗಿದ್ದರು. ಅವರ ಯಂತ್ರ ಸಪಾಟು ನೆಲದ ಮೇಲೂ ಮುಗ್ಗರಿಸುತ್ತಿತ್ತು. ಮೇಸ್ತ್ರಿ ಭಗವಂತರಾಯನಿಗೆ ಹೇಳಿ ಭೀಮಬಾಯಿಯನ್ನು ಕರೆಸಿಕೊಂಡರು.

ಕಚ್ಚೆ ಹಾಕಿ ಬಿಗಿಯಾಗಿ ಉಟ್ಟ ಸೀರೆಯ ಮೇಲೆ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸಿದರು. ಆ ಗುಂಡುಗಳ ಚಲನೆ ಹಿಡಿಯಲು ಸುತ್ತ ಕ್ಯಾಮೆರಾಗಳು. ಮರಳಿನ ಮೇಲೆ, ಅಲುಗಾಡುವ ಹಲಗೆಯ ಮೇಲೆ, ಹೊರೆ ಹೊತ್ತು, ಹೊರೆ ಇಳಿಸಿ, ಹೇಳಿದಂತೆಲ್ಲ ನಡೆದರು. "ಅಕ್ಕನ ಕಾಲು ಜಾರೋಕೆ ಮೊದ್ಲೇ ಸೊಂಟ ಸರಿ ಮಾಡ್ಕೊಂಡ್ಬಿಡ್ತಿತ್ತು. ಸ್ಕ್ರೀನಲ್ಲಿ ನೋಡಿ ನಾವೆಲ್ಲ ಚಪ್ಪಾಳೆ ಹೊಡೆದ್ವಿ" ಎನ್ನುತ್ತಾರೆ ಆಗ ಅಲ್ಲಿ ಎಂಜಿನಿಯರಾಗಿದ್ದ ರಿಚರ್ಡ್ಸ್ ಟೌನಿನ ಲುಬ್ನಾ.

ಕೊನೆಯ ದಿನ, ಮರಳು ತುಂಬಿದ ಬಾಂಡ್ಲಿ ತಲೆಯ ಮೇಲಿದ್ದಾಗ, ಹಿಂದಿನಿಂದ ಯಾರೋ ಜೋರಾಗಿ ತಳ್ಳಿದರು. ತಳ್ಳಿದವರು ವಿಭಾಗದ ಮುಖ್ಯಸ್ಥ ಅಂಜನಮೂರ್ತಿ. ಭೀಮಬಾಯಿ ಕೈಯೂರಿ ಬಿದ್ದರು. ಬಾಂಡ್ಲಿ ಆ ಕೈಯ ಮೇಲೇ ಬಿತ್ತು.

"ಅಯ್ಯಪ್ಪಾ ಅಂತ ಚೀರಿದೆ. ಆ ಸಾಹೇಬ್ರು ಟಿ.ವಿ. ಕಡೆ ನೋಡಿ, 'ರೆಕಾರ್ಡ್ ಆಯ್ತಾ?' ಅಂದ್ರು" ಎನ್ನುವಾಗ ಭೀಮಬಾಯಿಯ ದನಿ ಇಂದಿಗೂ ಗಡುಸಾಗುತ್ತದೆ. ಆಟೋ ಹಿಡಿದು ಶಿವಾಜಿನಗರದ ಆಸ್ಪತ್ರೆಗೆ ಕರೆದೊಯ್ದವರು ಲುಬ್ನಾ. ಅದೇ ವಾರ ಅವರು ಆ ಕಂಪನಿಯ ಕೆಲಸ ಬಿಟ್ಟರು.

ಈ ವರದಿಗಾಗಿ ಅಂಜನಮೂರ್ತಿಯವರಿಗೆ ನಾನು ಫೋನ್ ಮಾಡಿದೆ. "ಹೇಳಿ ತಳ್ಳಿದ್ರೆ ಮೈ ಮೊದ್ಲೇ ಬಿಗಿಯಾಗ್ಬಿಡುತ್ತೆ ರೀ. ಡೇಟಾ ನ್ಯಾಚುರಲ್ ಆಗಿ ಬರಲ್ಲ" ಎಂದರು. ಕೈ ಹೇಗಿದೆ ಎಂದು ಕೇಳಲಿಲ್ಲ. ಮನುಷ್ಯರ ಹಾಗೆ ನೋಡುವ, ಮನುಷ್ಯರ ಹಾಗೆ ನಡೆಯುವ ಯಂತ್ರ ಕಟ್ಟಲು ಹೊರಟವರಿಗೆ, ಕಣ್ಣೆದುರು ಬಿದ್ದ ಹೆಂಗಸು ಕಾಣದೆ ಹೋದದ್ದು ಹೇಗೆ?

ಹೋದ ತಿಂಗಳು ಹಲಸೂರಿನ ಸಭಾಂಗಣವೊಂದರಲ್ಲಿ ಆ ರೋಬೋಟ್‌ನ ಪ್ರದರ್ಶನವಿತ್ತು. ಲುಬ್ನಾ ಭೀಮಬಾಯಿಯನ್ನೂ ಕರೆದುಕೊಂಡು ಹೋದರು. ಯಂತ್ರ ಓರೆ ಹಲಗೆ ಹತ್ತಿತು. ಸೊಂಟ ಹೊರಳಿತು, ತಲೆ ನಿಂತಲ್ಲೇ ನಿಂತಿತು. "ನನ್ನಂಗ ನಡೀತೈತಲ್ಲ!" ಎಂದು ಭೀಮಬಾಯಿ ಲುಬ್ನಾರ ತೋಳು ಹಿಡಿದುಕೊಂಡರು. ಆಮೇಲೆ ಅಂಜನಮೂರ್ತಿ, "ಈಗ ಇದನ್ನ ತಳ್ತೀನಿ" ಎಂದು ಎಲ್ಲರಿಗೂ ಹೇಳಿ, ಮೆಲ್ಲಗೆ ತಳ್ಳಿದರು. ಅದು ಬೀಳಲಿಲ್ಲ. ಬಿದ್ದರೂ ಪೆಟ್ಟಾಗದಂತೆ ಮೇಲಿನಿಂದ ಹಗ್ಗ ಕಟ್ಟಿದ್ದರು.

ಚಪ್ಪಾಳೆಯ ನಡುವೆ ಭೀಮಬಾಯಿ ಎದ್ದು ನಿಂತರು. "ಅದಕ್ಕ ಹಗ್ಗ ಕಟ್ಟೀರಿ, ಹೇಳಿ ತಳ್ಳೀರಿ. ನನಗ್ಯಾಕ ಹೇಳಲಿಲ್ರಿ ಸಾಹೇಬ್ರ?"

ಅಂಜನಮೂರ್ತಿ ಮೈಕ್ ಕೆಳಗಿಟ್ಟು ಪಕ್ಕದವರಿಗೆ ಏನೋ ಹೇಳಿದರು. ಸೆಕ್ಯುರಿಟಿಯವರು ಬಂದು ಇಬ್ಬರನ್ನೂ ಹೊರಗೆ ಕರೆದೊಯ್ದರು. ಹಂಚಿದ ಕರಪತ್ರದಲ್ಲಿ 'ಮಾನವ ಚಲನೆಯಿಂದ ಪ್ರೇರಿತ' ಎಂದಿತ್ತು. ಯಾವ ಮಾನವರು ಎಂದಿರಲಿಲ್ಲ.

ಕಳೆದ ವಾರ ಅದೇ ಕಂಪನಿ ಭಗವಂತರಾಯನ ಮೂಲಕ ಮತ್ತೆ ಹೇಳಿಕಳಿಸಿದೆ. ರೋಬೋಟ್ ಈಗ ಹೊರೆ ಹೊತ್ತು ಮೆಟ್ಟಿಲು ಇಳಿಯುವುದನ್ನು ಕಲಿಯಬೇಕಂತೆ. "ಹೋಗಿ ಬಾ ಅಂತಾನ್ರಿ ಮೇಸ್ತ್ರಿ. ಆ ಸಾಹೇಬ್ರು ಇಲ್ಲಿ ಬರ್ಲಿ, ನನ್ನ ಜೋಡಿ ದುಡಿಯೋ ಈ ಹೆಣ್ಮಕ್ಕಳ ಮುಂದ ನಿಂತು ತಪ್ಪಾತು ಅನ್ಲಿ, ಆಮ್ಯಾಗ ನೋಡೂಣು ಅಂದೀನಿ." ಇದುವರೆಗೆ ಯಾರೂ ಬಂದಿಲ್ಲ.

ಬರದಿದ್ದರೆ? ಭೀಮಬಾಯಿ ಖಾಲಿ ಬಾಂಡ್ಲಿ ಎತ್ತಿಕೊಂಡು ಮಿಕ್ಸರ್ ಕಡೆ ತಿರುಗುತ್ತಾರೆ.

"ಬಿಡ್ರಿ. ನಡಿಗಿ ನಂದು. ಕೊಡೂದು ಬಿಡೂದು ನನಗ ಸೇರಿದ್ದು."