ಖಾಲಿ ಸಂಪಿನ ಅಂಕಿಗಳು

ಯಂತ್ರ ತೋರಿಸುವ ಪ್ರತಿಯೊಂದು ಅಂಕಿಗೂ ಕಾರಣ ಇದ್ದೇ ಇರುತ್ತದೆ ಎಂದು ನಂಬಿದ್ದವನು ನಾನು. ಆ ನಂಬಿಕೆ ಕದಲಿದ್ದು ಶೆಟ್ಟಿಹಳ್ಳಿಯ ನಮ್ಮ ಮನೆಯ ಸಂಪಿನಿಂದ.

ಸಂಪಿನ ಮುಚ್ಚಳದ ಒಳಮೈಗೆ ನೀರು ಎಷ್ಟು ಕೆಳಗಿದೆ ಎಂದು ಅಳೆಯುವ ಸೆನ್ಸರ್ ಕೂರಿಸಿದ್ದೆ. ಅದು ಕಳಿಸುವ ದೂರವನ್ನು ‘ಸಂಪು ಶೇಕಡಾ ಎಪ್ಪತ್ತು’ ಎಂದು ಫೋನಿನಲ್ಲಿ ತೋರಿಸಲು ನಾಲ್ಕು ಸಾಲಿನ ಟೆಂಪ್ಲೇಟ್, ಅಂದರೆ ಪುಟ್ಟ ಕೋಡ್, ಬರೆದಿದ್ದೆ. ಒಂದು ಬುಧವಾರ ಆ ದೂರದ ಅಂಕಿ ಆಗಾಗ ಎಂಟು ಸೆಂಟಿಮೀಟರ್ ಕುಸಿದು ಮತ್ತೆ ಏರತೊಡಗಿತು. ಸೆನ್ಸರ್‌ನದೇ ತಪ್ಪೆಂದುಕೊಂಡು ಐದನೆಯ ಸಾಲು ಸೇರಿಸಿದೆ: ಅಂಕಿ ಹಠಾತ್ತನೆ ಬದಲಾದರೆ ಹಳೆಯದನ್ನೇ ತೋರಿಸು. ಫೋನು ತೆಪ್ಪಗಾಯಿತು.

ಮರುದಿನ ಅತ್ತೆ, “ಅಳಿಯಂದ್ರೇ, ನಲ್ಲಿ ನೀರು ಗಬ್ಬು ನಾರ್ತಿದೆ ಕಣ್ರೀ,” ಎಂದರು.

“ಎಲ್ಲಾ ಸರಿಯಾಗಿದೆ ಅತ್ತೆ, ನೋಡಿ,” ಎಂದು ಫೋನು ತೋರಿಸಿದೆ.

“ಅದಕ್ಕೆ ಮೂಗಿದ್ಯಾ?”

ನಾನು ನಕ್ಕೆ. ಶನಿವಾರ ರಾತ್ರಿಯಿಂದ ಆರು ವರ್ಷದ ಮಗಳು ವಾಂತಿ ಮಾಡತೊಡಗಿದಳು. ಭಾನುವಾರ ಬೆಳಿಗ್ಗೆ ಮುಚ್ಚಳ ಎತ್ತಿದೆ. ಊದಿಕೊಂಡ ಹೆಗ್ಗಣವೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಸುತ್ತ ಎಣ್ಣೆಯಂಥ ಪೊರೆ. ಅದು ತೇಲುತ್ತಾ ಸೆನ್ಸರ್ ಕೆಳಗೆ ಬಂದಾಗಲೆಲ್ಲ ಅಂಕಿ ಜಿಗಿದಿತ್ತು. ಕುಡಿಯುವುದು ಫಿಲ್ಟರ್ ನೀರಾದರೂ ನಾವೆಲ್ಲ ಬಾಯಿ ಮುಕ್ಕಳಿಸಿದ್ದು ಇದರಲ್ಲೇ. ಹಲ್ಲಿನ ಸಂದಿಯಲ್ಲೆಲ್ಲ ಅದರ ಕೂದಲು ಇದ್ದಂತೆನಿಸಿ ಅಲ್ಲೇ ಕಾರಿಕೊಂಡೆ.

ಸೆನ್ಸರ್ ಬಿಚ್ಚಿ, ಬ್ಯಾಟರಿ ತೆಗೆದು, ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಆಗ ಹನ್ನೊಂದು ಗಂಟೆ. ಹೆಗ್ಗಣವನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿದೆ. ನೀರನ್ನೆಲ್ಲ ಹೊರಹಾಕಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಮುಗಿಸುವಷ್ಟರಲ್ಲಿ ಎರಡಾಯಿತು. ಮಗಳು ಗಂಜಿ ಕುಡಿದು ಮಲಗಿದ್ದಳು.

ಆಮೇಲೆ ಆ ಐದನೆಯ ಸಾಲನ್ನು ಅಳಿಸಿ, ಸೆನ್ಸರ್ ನೇರವಾಗಿ ಕಳಿಸಿದ ಅಂಕಿಗಳ ಪಟ್ಟಿ ತೆರೆದೆ. ಹನ್ನೊಂದರ ನಂತರ ಏನೂ ಇರಬಾರದಿತ್ತು. ಇತ್ತು. ಅರವತ್ತು, ಐವತ್ತೆರಡು, ಅರವತ್ತು, ಐವತ್ತೆರಡು. ಬುಧವಾರದ ಅದೇ ಎಂಟು ಸೆಂಟಿಮೀಟರ್. ಎರಡು ಗಂಟೆಯವರೆಗೂ, ಒಂದೇ ಲಯದಲ್ಲಿ, ಉಸಿರಾಡಿದಂತೆ. ಬ್ಯಾಟರಿ ಕಿಟಕಿಯಲ್ಲೇ ಬಿದ್ದಿತ್ತು. ಹಳೆಯ ಅಂಕಿ ಸಿಕ್ಕಿಹಾಕಿಕೊಂಡಿದ್ದರೆ ಒಂದೇ ಅಂಕಿ ನಿಲ್ಲಬೇಕಿತ್ತು. ಹೀಗೆ ಏರಿ ಇಳಿಯುವುದಿಲ್ಲ.

ಹೆಗಲ ಮೇಲಿಂದ ನೋಡುತ್ತಿದ್ದ ಅತ್ತೆ ಮೆಲ್ಲಗೆ ಕೇಳಿದರು: “ಅದು ಸತ್ತಿತ್ತು ತಾನೇ?”

ಅದರ ಚರ್ಮ ಸುಲಿದು ನನ್ನ ಕೈಗವಸಿಗೆ ಅಂಟಿತ್ತು. ಆದರೂ ಹೌದೆನ್ನಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.