ಪೇಪರ್ ಹುಟ್ಟಿಸಿದ ಮಗ

ನಮ್ಮ ಕಡೆ ನಿಧನ ವಾರ್ತೆಯನ್ನು ಯಾರೂ ಓದಿ ಬಿಸಾಡುವುದಿಲ್ಲ. ಕತ್ತರಿಸಿ, ಲ್ಯಾಮಿನೇಶನ್ ಮಾಡಿಸಿ, ಸತ್ತವರ ಫೋಟೋದ ಪಕ್ಕ ತೂಗುಹಾಕುತ್ತಾರೆ. ಹಳಿಯಾಳ, ದಾಂಡೇಲಿಯ ಸುದ್ದಿ ನೋಡಿಕೊಳ್ಳುವ ನಾನು ಮಂತ್ರಿಗಳ ಭಾಷಣಕ್ಕಿಂತ ಹೆಚ್ಚು ಎಚ್ಚರದಿಂದ ಅದನ್ನು ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ. ವಾಟ್ಸ್ಯಾಪಿನಲ್ಲಿ ನಾಲ್ಕು ಸಾಲು ಕಳಿಸುತ್ತೇನೆ, ಹುಬ್ಬಳ್ಳಿ ಕಚೇರಿಯ ಕಂಪ್ಯೂಟರ್ ತಾನೇ ಸುದ್ದಿ ಮಾಡಿಕೊಳ್ಳುತ್ತದೆ. ತಿದ್ದಿ ನೋಡುತ್ತಿದ್ದವರನ್ನೆಲ್ಲ ಮನೆಗೆ ಕಳಿಸಿಯಾಗಿದೆ.

ಕಳೆದ ವರ್ಷ ತೇರಗಾಂವದ ಆಚೆಯ ಹಳ್ಳಿಯೊಂದರಲ್ಲಿ ನನಗೆ ಪರಿಚಯದ ರೈತರೊಬ್ಬರು ತೀರಿಕೊಂಡರು. ಲಿಂಗವಂತರ ಮನೆ, ಇದ್ದವಳು ಒಬ್ಬಳೇ ಮಗಳು. ಆಕೆಯ ಚಿಕ್ಕಪ್ಪ ತನ್ನ ಮಗನನ್ನು ಮುಂದೆ ತಂದು, "ಅಣ್ಣ ಇವನ್ನ ದತ್ತಕ ತಗೊಂಡಿದ್ದ, ಮಣ್ಣ ಇವನ ಕೊಡ್ತಾನ" ಎಂದ. ಹೊಲದ ಮೇಲೆ ಅವನ ಕಣ್ಣಿರುವುದು ಎಲ್ಲರಿಗೂ ಗೊತ್ತಿತ್ತು. ಹುಡುಗಿ ಜಗ್ಗಲಿಲ್ಲ. ಸಮಾಧಿಯಲ್ಲಿ ಕೂರಿಸಿದ್ದ ಅಪ್ಪನ ಕೈಯಲ್ಲಿ ಅಯ್ಯನವರು ಹೇಳಿಕೊಟ್ಟಂತೆ ಲಿಂಗವಿಟ್ಟಳು, ಮೊದಲ ಹಿಡಿ ಮಣ್ಣನ್ನೂ ಹಾಕಿದಳು.

"ಇದನ್ನ ಪೇಪರದಾಗ ಹಾಕ್ರಿ ಅಣ್ಣಾ, ನಾಳೆ ಯಾರೂ ಇದು ಆಗಿಲ್ಲ ಅನಬಾರದು" ಎಂದು ಕೈ ಮುಗಿದಳು. ಅಲ್ಲೇ ನಿಂತು ಕಳಿಸಿದೆ.

ಮರುದಿನ ಅಚ್ಚಾದದ್ದು, 'ಪುತ್ರ ಚಿತೆಗೆ ಅಗ್ನಿಸ್ಪರ್ಶ ಮಾಡಿದರು' ಎಂದು. ಯಾರು ಸತ್ತರೂ ಆ ಕಂಪ್ಯೂಟರ್ ಚಿತೆ ಹೊತ್ತಿಸುತ್ತದೆ, ಚಿತೆಯ ಪಕ್ಕ ಒಬ್ಬ ಮಗನನ್ನು ನಿಲ್ಲಿಸುತ್ತದೆ. ಫೋನ್ ಮಾಡಿದರೆ ಕಚೇರಿಯವನು, "ಮಷೀನ್ ಬರದದ್ದರಿ ಅದು. ನಿಧನದ ಸುದ್ದಿಗೆಲ್ಲಾ ತಿದ್ದುಪಡಿ ಹಾಕ್ಕೋತ ಕೂಡ್ಲಿಕ್ಕೆ ಆಗ್ತೈತೇನ್ರಿ?" ಎಂದು ಇಟ್ಟುಬಿಟ್ಟ.

ವಾರದೊಳಗೆ ಹೊಲ ಯಾರಿಗೆಂದು ತೀರ್ಮಾನಿಸಲು ಊರ ಹಿರಿಯರು ಕೂಡಿದರು. ಹುಡುಗಿ ನನ್ನನ್ನು ಕರೆಸಿದ್ದಳು. ಚಿಕ್ಕಪ್ಪ ಲ್ಯಾಮಿನೇಶನ್ ಮಾಡಿಸಿದ ತುಣುಕನ್ನು ಎಲ್ಲರ ಕೈಗೂ ದಾಟಿಸಿದ.

"ಇದು ನಿಮ್ಮ ಪೇಪರ್ ಹೌದಲ್ರಿ?" ಹಿರಿಯರೊಬ್ಬರು ಕೇಳಿದರು.

"ಹೌದ್ರಿ. ಆದರ ನಾ ಬರದದ್ದಲ್ಲ, ಕಂಪ್ಯೂಟರ್ ಬರದದ್ದು. ಚಿತೆ ಅಂತ ಐತಿ ನೋಡ್ರಿ. ನೀವ ಅಲ್ಲೇನ್ರಿ ಸಮಾಧಿ ಮಾಡಿದವ್ರು?"

"ಅದೊಂದು ತಪ್ಪು ಬಿದ್ದೈತಿ, ಬಿಡ್ರಿ" ಎಂದರು ಅವರು. ಆಮೇಲೆ ನಿಧಾನವಾಗಿ, "ಮನಷ್ಯಾ ಬರದಿದ್ರ ಯಾರದರ ಮಾತು ಕೇಳಿ ಬರದಾನ ಅನಬಹುದಿತ್ತು. ಮಷೀನ್‌ಗೆ ನಮ್ಮೂರಾಗ ಯಾರು ಬೀಗರದಾರ? ಅದ್ಯಾಕ ಸುಳ್ಳ ಹೇಳತೈತಿ?" ಎಂದರು.

ಸುತ್ತ ಕುಳಿತವರು ತಲೆಯಾಡಿಸಿದರು. ಅವರಲ್ಲಿ ಅರ್ಧ ಜನ ಆಕೆ ಮಣ್ಣು ಹಾಕಿದ್ದನ್ನು ಕಣ್ಣಾರೆ ಕಂಡವರು. ಕಾನೂನು ಆಕೆಯ ಕಡೆಗಿದೆ, ನನಗೆ ಗೊತ್ತು. ಆದರೆ ಊರನ್ನೆಲ್ಲ ಎದುರು ಹಾಕಿಕೊಂಡು ಒಂಟಿ ಹೆಣ್ಣು ಹೊಲಕ್ಕೆ ಆಳು ಎಲ್ಲಿಂದ ತರಬೇಕು?

ಹೊಲ ಚಿಕ್ಕಪ್ಪನ ಮಗನಿಗೆ ಎಂದು ತೀರ್ಮಾನವಾಯಿತು. ಬೈಕಿನವರೆಗೆ ಆಕೆ ನನ್ನ ಜೊತೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ಪೇಪರದಾಗ ಹಾಕ್ರಿ ಅಂದಾಕಿ ನಾನ ಅಲ್ಲೇನ್ರಿ ಅಣ್ಣಾ" ಎಂದಳು.