ನಿಧಾನವಾಗುತ್ತಿದ್ದ ದನಿ

ನನ್ನ ನಾದಿನಿಗೆ ನನ್ನ ಮಗಳು ಇಟ್ಟ ಹೆಸರು ಕಿವಿ ಅತ್ತೆ. ಬೆಳಿಗ್ಗೆ ಆರಕ್ಕೆ ತಲೆಗೆ ಹೆಡ್‌ಫೋನ್ ಏರಿಸಿದರೆ ಇಳಿಸುವುದು ಮಧ್ಯಾಹ್ನ ಎರಡೂವರೆಗೆ. ಅಷ್ಟು ಹೊತ್ತೂ ಮನೆಗೆ ಬೆಂಕಿ ಬಿದ್ದರೂ ಅವಳಿಗೆ ಕೇಳಿಸುವುದಿಲ್ಲ. "ಊರವರ ರೋಗ ಎಲ್ಲಾ ಇವಳಿಗೆ ಬಾಯಿಪಾಠ, ಮನೆಯವರ ಮಾತು ಮಾತ್ರ ಕಿವಿಗೆ ಬೀಳಲ್ಲ" ಎಂದು ಅವಳ ಅಣ್ಣ, ಅಂದರೆ ನನ್ನ ಗಂಡ, ರೇಗಿಸುತ್ತಾರೆ. ಅವರು ಬಸ್ ಓಡಿಸುವವರು. ದಿನವಿಡೀ ಹಾರನ್ ಕೇಳಿ ಬಂದು ಮನೆಯಲ್ಲಿ ಒಂದು ಒಳ್ಳೆಯ ಮಾತಿಗೆ ಕಾಯುತ್ತಾರೆ, ಪಾಪ.

ಅವಳ ಕೆಲಸ ಇಷ್ಟೇ. ಆಸ್ಪತ್ರೆಯ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ, ಆಪರೇಷನ್ ಮುಗಿಸಿದ ಮೇಲೆ, ಏನು ಕಂಡಿತು, ಏನು ಮಾಡಿದೆ ಎಂದು ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತಾರೆ. ಆ ದನಿ ಎಲ್ಲೆಲ್ಲೋ ಸುತ್ತಿ ನಮ್ಮ ಹಜಾರದ ಮೂಲೆಗೆ ಬರುತ್ತದೆ. ಇವಳು ಕೇಳಿ ಕೇಳಿ ಟೈಪ್ ಮಾಡಿ ವಾಪಸ್ ಕಳಿಸುತ್ತಾಳೆ. ಹಾಗೆ ಹನ್ನೊಂದು ವರ್ಷ. ಡಾಕ್ಟರುಗಳಿಗೆ ಇವಳು ಯಾರೆಂದು ಗೊತ್ತಿಲ್ಲ. ಇವಳಿಗೆ ಅವರ ಮುಖ ಗೊತ್ತಿಲ್ಲ. ನಾನು ಸಂಜೆ ಹೊತ್ತು ಔಷಧಿ ಅಂಗಡಿಯಲ್ಲಿ ನಿಲ್ಲುವವಳು, ನನಗೆ ಚೀಟಿಯ ಮೇಲಿನ ಅವರ ಅಕ್ಷರ ಮಾತ್ರ ಗೊತ್ತು. ಅಕ್ಷರಕ್ಕಿಂತ ದನಿಯೇ ವಾಸಿ ಎಂದು ನನ್ನ ಅನಿಸಿಕೆ.

ಮೂಲೆ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೀರುವನ್ನು ಅಡ್ಡ ತಿರುಗಿಸಿ ಮಾಡಿದ ಜಾಗ. ಕುರ್ಚಿಯ ಹಿಂದೆ ಒಂದು ನೀಲಿ ಹೊದಿಕೆ ಇಳಿಬಿಟ್ಟಿದ್ದೇವೆ, ವಾರದ ಮೀಟಿಂಗಿನಲ್ಲಿ ಕ್ಯಾಮೆರಾಕ್ಕೆ ನಮ್ಮ ಒಗೆದ ಬಟ್ಟೆಯ ರಾಶಿ ಕಾಣಬಾರದಲ್ಲ. ಮೇಜಿನ ಕೆಳಗೆ ಹೊಲಿಗೆ ಯಂತ್ರಕ್ಕಿರುವಂಥ ಒಂದು ಪೆಡಲು. ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ತಟ್ಟಿದರೆ ಮೂರು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಹೆಡ್‌ಫೋನಿನ ಸ್ಪಂಜು ಯಾವತ್ತೋ ಉದುರಿಹೋಗಿ, ಈಗ ನನ್ನ ಗಂಡನ ಹಳೆ ಬನಿಯನ್ನಿನ ತುಂಡು ಸುತ್ತಿಕೊಂಡಿದೆ.

ಬೆಳಿಗ್ಗೆ ಶುರುವಾಗುವುದು ಕೆಲಸವಲ್ಲ, ಬಾಗಿಲು ಬಡಿಯುವುದು. ಒಂದು ಪಾಸ್‌ವರ್ಡ್, ಆಮೇಲೆ ಫೋನಿಗೆ ಬರುವ ಆರಂಕಿ. ಆ ಆರಂಕಿ ಬರಲು ಫೋನನ್ನು ಕಿಟಕಿಯ ಎಡಮೂಲೆಯಲ್ಲೇ ಇಡಬೇಕು, ಬೇರೆ ಕಡೆ ಸಿಗ್ನಲ್ ಇಲ್ಲ. ಆಮೇಲೆ ಗಡಿಯಾರದ ಆಪ್ ಒತ್ತಬೇಕು. ಅದು ಹತ್ತು ನಿಮಿಷಕ್ಕೊಮ್ಮೆ ಇವಳ ಪರದೆಯ ಫೋಟೋ ಹೊಡೆಯುತ್ತದೆ. ಆಮೇಲೆ ಗುಂಪಿನಲ್ಲಿ ಶುಭೋದಯ ಹೇಳಬೇಕು. ನಲವತ್ತು ಜನ, ನಲವತ್ತು ಶುಭೋದಯ, ಅದರ ಕೆಳಗೆ ನಲವತ್ತು ಹೆಬ್ಬೆರಳು. ಅತ್ತೆ ಮನೆಯಲ್ಲೂ ನಾನು ಇಷ್ಟು ಜನಕ್ಕೆ ತಲೆ ಬಗ್ಗಿಸಿದವಳಲ್ಲ.

ಮೂರು ನಾಲ್ಕು ವರ್ಷದಿಂದ ಇನ್ನೊಂದು ಸೇರಿದೆ. ಡಾಕ್ಟರು ಹೇಳಿದ್ದನ್ನು ಮೊದಲು ಯಂತ್ರವೇ ಟೈಪ್ ಮಾಡುತ್ತದೆ, ಇವಳು ತಿದ್ದಬೇಕು. ಕೆಲಸ ಹಗುರಾಯಿತು ಎಂದರು. ಹಗುರಾಗಲಿಲ್ಲ. ತಾನೇ ಟೈಪ್ ಮಾಡುವಾಗ ಕೈ ಮಾತ್ರ ದಣಿಯುತ್ತಿತ್ತು, ಈಗ ಬೇರೆಯವರ ತಪ್ಪು ಹುಡುಕಿ ಹುಡುಕಿ ಕಣ್ಣು, ಕತ್ತು, ಮನಸ್ಸು ಎಲ್ಲಾ ದಣಿಯುತ್ತದೆ. ಎರಡೂವರೆಗೆ ಎದ್ದು ಬಂದು ಗೋಡೆಗೊರಗಿ ಕೂತರೆ ಅರ್ಧ ಗಂಟೆ ಅವಳನ್ನು ಯಾರೂ ಮಾತಾಡಿಸುವುದಿಲ್ಲ.

ಈ ಡಾಕ್ಟರುಗಳಲ್ಲಿ ಅವಳಿಗೆ ಒಬ್ಬರು ಬೇರೆ. ಕಣ್ಣಿನ ಡಾಕ್ಟರು. ಏಳು ವರ್ಷದಿಂದ ಅವರ ಫೈಲುಗಳೆಲ್ಲಾ ಇವಳಿಗೇ ಬರುತ್ತಿದ್ದವು, ಏಕೆಂದರೆ ಬೇರೆ ಯಾರಿಗೂ ಅವರ ಮಾತು ಹಿಡಿಯಲು ಆಗುತ್ತಿರಲಿಲ್ಲ. ಅಷ್ಟು ವೇಗ. ಆಪರೇಷನ್ ಮುಗಿಸಿ ಕೈಗವಸು ಬಿಚ್ಚುತ್ತಲೇ ಶುರು, ನಡುನಡುವೆ ನರ್ಸಿಗೆ ಒಂದು ತಮಾಷೆ, ಮತ್ತೆ ಬಲಗಣ್ಣು, ಪೊರೆ, ಮಸೂರ ಎಂದು ಗಡಗಡ. ಇವಳ ಆಪಿನಲ್ಲಿ ದನಿಯ ವೇಗಕ್ಕೊಂದು ಪಟ್ಟಿ ಇದೆ. ನೂರು ಎಂದರೆ ಆಡಿದ ಹಾಗೇ. ಇವರ ಮಾತನ್ನು ಅವಳು ಎಂಬತ್ತಕ್ಕೆ ಇಳಿಸಿ ಕೇಳುತ್ತಿದ್ದಳು. ಒಬ್ಬೊಬ್ಬ ಡಾಕ್ಟರ ವೇಗವನ್ನೂ ಆಪು ತಾನೇ ನೆನಪಿಟ್ಟುಕೊಳ್ಳುತ್ತದೆ.

"ಅತ್ತಿಗೆ, ನಿನ್ನೆ ಅವರು ಎಂಬತ್ತೆರಡು ವರ್ಷದ ಅಜ್ಜಿಗೆ ಆಪರೇಷನ್ ಮಾಡಿದ್ರಲ್ಲ. ಇವತ್ತು ಕಣ್ಣಿನ ಪಟ್ಟಿ ಬಿಚ್ಚಿದ ತಕ್ಷಣ ಅಜ್ಜಿ, 'ಡಾಕ್ಟ್ರೇ, ನೀವು ಇಷ್ಟು ಕಪ್ಪಾ?' ಅಂದ್ರಂತೆ" ಎಂದು ಅವಳು ನಗುವಾಗ ಮಾತ್ರ ಆ ದಣಿದ ಮುಖಕ್ಕೆ ಕಳೆ ಬರುತ್ತಿತ್ತು. ಹೆಸರು ನನಗೂ ಹೇಳಿದವಳಲ್ಲ. ಹೇಳುವಂತಿಲ್ಲ.

ಹೋದ ವರ್ಷ ಒಂದು ದಿನ ಇವಳ ಕಂಪನಿಯ ಪರಿಶೀಲನೆಯವರು ಇವಳಿಗೆ ಅದೇ ಡಾಕ್ಟರ ನಾಲ್ಕು ವರ್ಷ ಹಳೆಯ ಫೈಲೊಂದನ್ನು ಕಳಿಸಿದರು. ಹೊಸದಾಗಿ ಸೇರಿದವರಿಗೆ ಮಾದರಿ ಮಾಡಿಕೊಡಿ ಎಂದು. ಇವಳು ಪೆಡಲು ಒತ್ತಿದಳು. ಗುಬ್ಬಿ ಚಿಲಿಪಿಲಿ ಎಂದ ಹಾಗೆ ಏನೋ ಬಂತು, ಒಂದಕ್ಷರ ತಿಳಿಯಲಿಲ್ಲ. ಫೈಲು ಕೆಟ್ಟಿದೆ ಎಂದುಕೊಂಡು ವೇಗದ ಪಟ್ಟಿ ನೋಡಿದರೆ ಅಲ್ಲಿ ನೂರಮೂವತ್ತು ಎಂದಿತ್ತು.

ಅವಳೇ ಇಟ್ಟುಕೊಂಡಿದ್ದು. ಎರಡು ವರ್ಷದಲ್ಲಿ ಇವತ್ತು ಐದು, ಇನ್ನೆರಡು ತಿಂಗಳಿಗೆ ಮತ್ತೆ ಐದು ಎಂದು ಗೊತ್ತೇ ಆಗದಂತೆ ಏರಿಸುತ್ತಾ ಬಂದಿದ್ದಳು. ತನ್ನ ಕಿವಿ ಪಳಗಿತು, ಕೈ ಚುರುಕಾಯಿತು ಎಂದುಕೊಂಡಿದ್ದಳು. ಎಂಬತ್ತಕ್ಕೆ ಇಳಿಸಿದಾಗ ಹಳೆಯ ಡಾಕ್ಟರು ಸರಿಯಾಗಿ ಬಂದರು, ಗಡಗಡ, ತಮಾಷೆ, ನರ್ಸಿನ ನಗು. ಆಮೇಲೆ ಆ ದಿನದ ಹೊಸ ಫೈಲು ತೆಗೆದು ನೂರಕ್ಕಿಟ್ಟು, ಎಂದರೆ ಅವರು ಆಡಿದ ಹಾಗೇ, ಮೊದಲ ಸಲ ಕೇಳಿದಳು.

ನಾನು ಬಟ್ಟೆ ಮಡಚುತ್ತಿದ್ದೆ. ಬೀರುವಿನ ಆಚೆಯಿಂದ "ಅತ್ತಿಗೆ, ಬನ್ನಿ ಇಲ್ಲಿ" ಎಂದಳು. ಅಷ್ಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ನನ್ನನ್ನು ಕರೆದದ್ದೇ ಇರಲಿಲ್ಲ. ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ಹೋಗಿ ಅವಳ ಮುಖ ನೋಡಿದೆ.

"ಯಾರು ಹೋದ್ರು?" ಎಂದೆ.

"ಯಾರೂ ಹೋಗಿಲ್ಲ. ಆ ಕಣ್ಣಿನ ಡಾಕ್ಟರು... ಅವರಿಗೆ ಏನೋ ಆಗ್ತಾ ಇದೆ. ಒಂದು ಮಾತು ಆದ್ಮೇಲೆ ಇನ್ನೊಂದು ಮಾತಿಗೆ ಕಾಯ್ಬೇಕು. ಕೊನೆ ಕೊನೆಗೆ ದನಿ ಉಸಿರಲ್ಲೇ ಸೇರಿಹೋಗುತ್ತೆ. ತಮಾಷೆ ಮಾಡಿ ಯಾವ ಕಾಲ ಆಯ್ತೋ. ನಾನು ಗಮನಿಸ್ಲೇ ಇಲ್ಲ."

"ವಯಸ್ಸಾಗಿರುತ್ತೆ ಬಿಡು."

"ಎರಡೇ ವರ್ಷಕ್ಕಾ? ಅವರು ಈಗ್ಲೂ ಆಪರೇಷನ್ ಮಾಡ್ತಿದ್ದಾರೆ ಅತ್ತಿಗೆ. ಇವತ್ತು ಬೆಳಿಗ್ಗೆಯೇ ಮೂರು ಮಾಡಿದ್ದಾರೆ. ದನಿ ಹೀಗಾದ್ರೆ ಕೈ ಹೇಗಿರುತ್ತೆ?"

ನನಗೆ ಉತ್ತರ ಗೊತ್ತಿತ್ತು. ಅಂಗಡಿಗೆ ನಡುಗುವ ಕೈಯಲ್ಲಿ ಚೀಟಿ ಹಿಡಿದು ಬರುವವರಿದ್ದಾರೆ. ಅವರಲ್ಲಿ ಕೆಲವರದು ಇಂಥದೇ ಮಾತು, ಮೆತ್ತಗೆ, ನಿಧಾನವಾಗಿ, ಅರ್ಧಕ್ಕೆ ಹಿಂಗಿಹೋಗುವಂಥದ್ದು. ಆದರೂ ನಾನು ಹೇಳಿದ್ದು ಬೇರೆಯೇ. "ನಿನಗ್ಯಾಕೆ ಇಲ್ಲದ ಉಸಾಬರಿ? ಅಷ್ಟು ದೊಡ್ಡ ಆಸ್ಪತ್ರೆ, ಸುತ್ತಲೂ ಡಾಕ್ಟರುಗಳೇ. ಅವರಿಗೆಲ್ಲಾ ಕಾಣದ್ದು ಇಲ್ಲಿ ಕೂತಿರೋ ನಿನಗೆ ಕಂಡುಬಿಡ್ತಾ?"

"ದಿನಾ ನೋಡೋರಿಗೆ ಕಾಣಲ್ಲ ಅತ್ತಿಗೆ. ದಿನಾ ಕೇಳ್ತಿದ್ದ ನನಗೇ ಕೇಳಿಸ್ಲಿಲ್ವಲ್ಲ."

ಡಾಕ್ಟರುಗಳಿಗೆ ನೇರವಾಗಿ ಏನನ್ನೂ ಹೇಳುವಂತಿಲ್ಲ ಎಂದು ಅವಳ ಒಪ್ಪಂದದಲ್ಲೇ ಇದೆ. ಹೇಳಿದರೆ ಕೆಲಸ ಹೋಯಿತು. ಅದಕ್ಕೆ ಮೊದಲು ಟೀಮ್ ಲೀಡರಿಗೆ ಸಂದೇಶ ಕಳಿಸಿದಳು. ಈ ಟೀಮ್ ಲೀಡರ್ ಗಂಡೋ ಹೆಣ್ಣೋ ಆಗ ನಮಗಿನ್ನೂ ಗೊತ್ತಿರಲಿಲ್ಲ, ಮೀಟಿಂಗಿನಲ್ಲೂ ದನಿಯಿಲ್ಲ, ಒಂದು ಹಕ್ಕಿಯ ಚಿತ್ರ, ಟೈಪ್ ಮಾಡಿದ ಮಾತು, ಅಷ್ಟೇ. ಹಕ್ಕಿ ಹತ್ತೇ ನಿಮಿಷದಲ್ಲಿ ಒಂದು ನಕ್ಷೆ ಕಳಿಸಿತು. ಆ ಡಾಕ್ಟರ ಮಾತನ್ನು ಯಂತ್ರ ಸರಿಯಾಗಿ ಹಿಡಿಯುವ ಪ್ರಮಾಣ ಎರಡು ವರ್ಷದಲ್ಲಿ ನೂರಕ್ಕೆ ಎಪ್ಪತ್ತೊಂದರಿಂದ ತೊಂಬತ್ತನಾಲ್ಕಕ್ಕೆ ಏರಿದೆಯಂತೆ. "ಅವರ ದನಿ ಬಹಳ ಸುಧಾರಿಸಿದೆ! ಚಿಂತೆ ಬೇಡ" ಎಂದು ಬರೆದು ಕೆಳಗೆ ಒಂದು ನಗುಮುಖ. ಮನುಷ್ಯ ಕುಸಿಯುತ್ತಿದ್ದರೆ ನಕ್ಷೆ ಏರುತ್ತಿತ್ತು. ಓದಿ ನನಗೆ ಮೈ ಉರಿದುಹೋಯಿತು.

ಉಳಿದದ್ದು ಒಂದೇ ದಾರಿ. ಪ್ರತಿ ಫೈಲಿನ ಕೆಳಗೂ ಡಾಕ್ಟರಿಗೆ ಕಾಣುವಂಥ ಒಂದು ಪೆಟ್ಟಿಗೆ ಇರುತ್ತದೆ. ರೋಗಿಯ ಸಂಖ್ಯೆ ಹೇಳಿಲ್ಲ, ಹಿಂದೆ ಗದ್ದಲವಿದೆ, ದನಿ ಮಧ್ಯೆ ತುಂಡಾಗಿದೆ, ಹೀಗೆ ಸಿದ್ಧ ಕಾರಣಗಳಲ್ಲಿ ಒಂದನ್ನು ಆರಿಸಬೇಕು. ಕೊನೆಯಲ್ಲಿ 'ಇತರೆ' ಎಂದಿದೆ. ಅದನ್ನು ಒತ್ತಿದರೆ ಬರೆಯಲು ಜಾಗ ತೆರೆಯುತ್ತದೆ, ಇನ್ನೂರು ಅಕ್ಷರಕ್ಕೆ.

ಎರಡು ದಿನ ಅವಳು ಅದನ್ನೇ ಬರೆದಳು, ಅಳಿಸಿದಳು. ಒಂದರಲ್ಲಿ ಕ್ಷಮೆ ಕೇಳುವುದರಲ್ಲೇ ಜಾಗ ಮುಗಿದಿತ್ತು. ಇನ್ನೊಂದರಲ್ಲಿ ರೋಗದ ಹೆಸರು ಹಾಕಿದ್ದಳು. "ನೀನೇನು ಡಾಕ್ಟ್ರಾ? ತೆಗಿ ಅದನ್ನ" ಎಂದು ಗದರಿದೆ. ಮೂರನೆಯ ದಿನ ನನ್ನ ಗಂಡ ಬಸ್ಸಿಗೆ ಹೊರಡುವ ಮೊದಲು ಬೀರುವಿನ ಪಕ್ಕ ನಿಂತರು. "ನನ್ನ ಬಸ್ಸಿನ ಬ್ರೇಕ್ ಸದ್ದು ಬೇರೆ ಥರ ಇದೆ ಅಂತ ಒಬ್ಬ ಪ್ಯಾಸೆಂಜರ್‌ಗೆ ಕೇಳ್ಸಿದ್ರೆ, ನನಗೆ ಹೇಳ್ಬೇಕೋ ಬೇಡ್ವೋ?" ಎಂದು ನನ್ನ ಕಡೆ ತಿರುಗಿ ಕೇಳಿದರು. ಕೆಲಸ ಹೋದರೆ ನಾನು ನೋಡಿಕೊಳ್ಳುತ್ತೇನೆ ಎಂದೇನೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅಷ್ಟು ಕೇಳಿ ಹೋದರು.

ಅವಳು ಕಳಿಸಿದ್ದು ಇದು: 'ಡಾಕ್ಟರೇ, ಏಳು ವರ್ಷದಿಂದ ನಿಮ್ಮ ದನಿ ಕೇಳುತ್ತಿದ್ದೇನೆ. ಎರಡು ವರ್ಷದಿಂದ ಅದು ನಿಧಾನವಾಗುತ್ತಾ ಬಂದಿದೆ. ಮಾತಿನ ಕೊನೆ ಮೆತ್ತಗಾಗುತ್ತಿದೆ. ದಯವಿಟ್ಟು ಯಾರಿಗಾದರೂ ತೋರಿಸಿಕೊಳ್ಳಿ. ನಿಮ್ಮ ಟೈಪಿಸ್ಟ್.'

ಮರುದಿನ ಎಂದಿನಂತೆ ಅವರ ಫೈಲು ಬಂತು. ಎರಡು ಆಪರೇಷನ್. ಆ ದನಿಯಲ್ಲಿ ಓದಿದ ಗುರುತೂ ಇಲ್ಲ, ಸಿಟ್ಟೂ ಇಲ್ಲ. ಅದರ ಮರುದಿನ ಬೆಳಿಗ್ಗೆ ಹಕ್ಕಿಯ ಕರೆ ಬಂತು. ಅವತ್ತು ಗೊತ್ತಾಯಿತು, ಹಕ್ಕಿ ಒಬ್ಬಳು ಹುಡುಗಿ. ನಿಯಮ ಮುರಿದದ್ದಕ್ಕೆ ಇದೊಂದು ಎಚ್ಚರಿಕೆ, ಇನ್ನೊಮ್ಮೆ ಆದರೆ ಕೆಲಸವಿಲ್ಲ, ಆ ಡಾಕ್ಟರ ಫೈಲುಗಳು ಇನ್ನು ನಿಮಗಿಲ್ಲ, ನಿಮ್ಮನ್ನು ಸಾಮಾನ್ಯ ಸಾಲಿಗೆ ಹಾಕಿದೆ ಎಂದಳು. ಸಾಮಾನ್ಯ ಸಾಲು ಎಂದರೆ ಆಸ್ಪತ್ರೆಯ ಯಾವ ವಿಭಾಗದ ಯಾವ ಡಾಕ್ಟರಾದರೂ ಸರಿ, ಮುಂದೆ ಬಂದದ್ದನ್ನು ಮಾಡಬೇಕು. ಗುರುತಿನ ದನಿ ಒಂದೂ ಇಲ್ಲ.

ಆಮೇಲಿನ ಏಳು ವಾರ ನನ್ನ ನಾದಿನಿಯನ್ನು ನೋಡಲಾಗುತ್ತಿರಲಿಲ್ಲ. ಕೆಲಸ ಉಳಿದಿತ್ತು, ಅದೇ ದೊಡ್ಡದು ಎಂದು ನಾನು ಹೇಳುತ್ತಿದ್ದೆ. ಅವಳಿಗೆ ಬೇಕಾಗಿದ್ದು ಅದಲ್ಲ. ಅವರು ಓದಿದರೋ ಇಲ್ಲವೋ, ಇವತ್ತೂ ಯಾರದ್ದೋ ಕಣ್ಣಿನ ಮೇಲೆ ಆ ಕೈ ಇದೆಯೋ ಏನೋ ಎಂಬುದೊಂದೇ ಅವಳನ್ನು ತಿನ್ನುತ್ತಿತ್ತು. ಕೇಳಲು ಯಾರೂ ಇಲ್ಲ. ಮೊದಲು ನಿಮಿಷಕ್ಕೆ ಇಷ್ಟು ಸಾಲು ಎಂದು ಓಡುತ್ತಿದ್ದ ಬೆರಳು ಈಗ ಎಳೆಯುತ್ತಿತ್ತು. ದಿನವೂ ಹಲ್ಲಿನ ಡಾಕ್ಟರು, ಚರ್ಮದ ಡಾಕ್ಟರು, ಕೆಮ್ಮುತ್ತಾ ಕೆಮ್ಮಿನ ಬಗ್ಗೆ ಹೇಳುವ ಡಾಕ್ಟರು.

"ಸಾಕಾಗಿದೆ ಅತ್ತಿಗೆ" ಎಂದಳು ಒಂದು ದಿನ. "ಹೇಳಿ ತಪ್ಪು ಮಾಡಿದ್ನಾ, ಎರಡು ವರ್ಷ ತಡ ಮಾಡಿ ತಪ್ಪು ಮಾಡಿದ್ನಾ, ಅದೂ ಗೊತ್ತಿಲ್ಲ." ನನಗೆ ಅವತ್ತು ನಿಜಕ್ಕೂ ನನ್ನ ಮೇಲೇ ಬೇಸರವಾಯಿತು. ಉಸಾಬರಿ ಎಂದವಳು ನಾನೇ ತಾನೆ?

ಎಂಟನೆಯ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಎರಡನೆಯ ಸಲ ಅವಳು ನನ್ನನ್ನು ಕರೆದಳು. ಈ ಸಲ ದನಿ ಎತ್ತಲಿಲ್ಲ, ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಪರದೆಯ ಮೇಲೆ ನರರೋಗ ವಿಭಾಗದ ಡಾಕ್ಟರೊಬ್ಬರ ಫೈಲಿತ್ತು. ಹೆಸರಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿ "ಇಲ್ಲಿಂದ ಓದಿ" ಎಂದಳು.

'ಐವತ್ತಾರು ವರ್ಷದ ರೋಗಿ, ವೃತ್ತಿಯಿಂದ ಕಣ್ಣಿನ ಶಸ್ತ್ರವೈದ್ಯರು. ಎರಡು ವರ್ಷದಿಂದ ಮಾತು ನಿಧಾನ, ದನಿ ಕ್ಷೀಣ. ಬಲಗೈಯಲ್ಲಿ ಇತ್ತೀಚೆಗೆ ಸಣ್ಣ ನಡುಕ. ಏಳು ವಾರಗಳ ಹಿಂದೆ ತಾವಾಗಿಯೇ ಶಸ್ತ್ರಚಿಕಿತ್ಸೆ ಮಾಡುವುದನ್ನು ನಿಲ್ಲಿಸಿದ್ದಾರೆ. ಆವರೆಗೆ ಅವರ ಯಾವ ರೋಗಿಗೂ ತೊಂದರೆಯಾಗಿಲ್ಲ. ಲಕ್ಷಣಗಳನ್ನು ಮೊದಲು ಗುರುತಿಸಿದವರು ರೋಗಿಯ ಟೈಪಿಸ್ಟ್.'

ಕೊನೆಯ ಪದದ ಮೇಲೆ ಯಂತ್ರ ಹಳದಿ ಬಳಿದಿತ್ತು. ತನಗೆ ಅನುಮಾನ ಬಂದ ಪದಕ್ಕೆ ಅದು ಹಾಗೆ ಬಣ್ಣ ಹಚ್ಚಿ, ಪಕ್ಕದಲ್ಲಿ ತನ್ನ ಸಲಹೆ ಕೊಡುತ್ತದೆ. ಇಂಥ ಜಾಗದಲ್ಲಿ ಹೆಂಡತಿಯೋ ಮಗನೋ ಬರುವುದನ್ನೇ ಅದು ಸಾವಿರ ಸಲ ನೋಡಿರಬೇಕು. 'ಟೈಪಿಸ್ಟ್' ತೆಗೆದು 'ಸಂಬಂಧಿಕರು' ಎಂದು ಹಾಕಲೇ ಎಂದು ಕೇಳುತ್ತಿತ್ತು.

ಅವಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಮೂರು ಸಲ ಕೇಳ್ದೆ. ಟೈಪಿಸ್ಟ್ ಅಂತಾನೇ ಹೇಳಿದ್ದಾರೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಸಂಬಂಧಿಕರು ಅಂತ ಬಿಟ್ರೆ ತಪ್ಪಾಗುತ್ತಾ ಅತ್ತಿಗೆ?" ಎಂದು ಕೇಳಿದಳು.

"ತಪ್ಪೇನಿಲ್ಲ ಕಣೇ. ಆದ್ರೆ ಅವರು ಏನಂದ್ರೋ ಅದನ್ನೇ ಹಾಕು" ಎಂದೆ.

ಅವಳು ಬೇಡ ಎಂಬುದನ್ನು ಒತ್ತಿದಳು, ಹಳದಿ ಹೋಯಿತು, ಫೈಲು ಕಳಿಸಿದಳು.